ಪಟ್ಟಿಯಲ್ಲಿ ಇಲ್ಲದವರ ಮುಳುಗಡೆ

ಶರಾವತಿ ಮುಳುಗಡೆಯ ಬಗ್ಗೆ ಕನ್ನಡದಲ್ಲಿ ಕಣ್ಣೀರು ಬೇಕಾದಷ್ಟು ಹರಿದಿದೆ. ಆ ಕಣ್ಣೀರು ಯಾರದು ಎಂದು ನಮ್ಮ ವಿಮರ್ಶೆ ಅಷ್ಟಾಗಿ ಕೇಳಲಿಲ್ಲ. ಅದೇ ಕಣಿವೆಗೆ ಇನ್ನೊಂದು ಯೋಜನೆಯ ನಕ್ಷೆ ಬರೆದಿರುವಾಗ ನಾವಾದರೂ ಕೇಳಲೇಬೇಕಾಗಿದೆ.

ನಾ. ಡಿಸೋಜ ಸಾಗರದವರು. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಮುಳುಗಿದವರ ಬದುಕನ್ನು ಬರೆದರು. 2025ರಲ್ಲಿ ತೀರಿಕೊಂಡರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ಏರುವ ನೀರಿನ ನಡುವೆ ಒಂದು ಮನೆ, ಆ ಮನೆಯನ್ನು ಉಳಿಸಲು ಹೆಣಗುವ ನಾಗಿ. ಕೊನೆಗೆ ಅವಳ ದುಡಿಮೆಯೆಲ್ಲ ದೇವರ ಖಾತೆಗೆ ಜಮಾ ಆಗುತ್ತದೆ. ಇದನ್ನು ಕಂಡ ಕಣ್ಣು ದೊಡ್ಡದು, ಒಪ್ಪುತ್ತೇವೆ. ಆದರೆ ಗೆಳೆಯರೇ, ದ್ವೀಪ ಆಗಬೇಕಾದರೂ ಕಾಲಡಿಗೆ ಒಂದಿಷ್ಟು ನೆಲ ಬೇಕು. ನೆಲವೇ ಇಲ್ಲದವನು ಎಲ್ಲಿ ನಿಂತು ಮುಳುಗಬೇಕು?

ಇದು ಬರೀ ಸಾಹಿತ್ಯದ ಪ್ರಶ್ನೆ ಅಲ್ಲ, ಪಹಣಿಯ ಪ್ರಶ್ನೆ. 1951ರಲ್ಲಿ ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು, ಹೆಚ್ಚಿನವರು ದೀವರು, ಒಡೆಯರ ಎದುರು ನಿಂತರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸುಮಾರು 300 ಚದರ ಕಿಲೋಮೀಟರ್ ನೆಲ ನೀರಿಗೆ ಹೋಯಿತು. ಉಳುವವನೇ ಒಡೆಯ ಎಂಬ ಕಾನೂನು ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಲೆಕ್ಕ ಹಾಕಿ ನೋಡಿ. ನೀರು ಮೊದಲು ಬಂತು, ನ್ಯಾಯ ಹತ್ತು ವರ್ಷ ತಡವಾಗಿ ಬಂತು. ಮುಳುಗದ ಊರಿನ ಗೇಣಿದಾರ ಅರ್ಜಿ ಬರೆದು ಒಡೆಯನಾಗಬಹುದಿತ್ತು. ಮುಳುಗಿದ ಊರಿನವನಿಗೆ ಅರ್ಜಿಯಲ್ಲಿ ಬರೆಯಲು ಗದ್ದೆಯೇ ಇರಲಿಲ್ಲ.

ಕೂಲಿಯವರ ಪಾಡಂತೂ ಕೇಳೋದೇ ಬೇಡ. 1894ರ ಭೂಸ್ವಾಧೀನ ಕಾಯ್ದೆ ನೆಲದಲ್ಲಿ ಹಕ್ಕುಳ್ಳವರಿಗೆ ದುಡ್ಡು ಕೊಟ್ಟಿತು. ಆ ನೆಲದಲ್ಲಿ ಬೇರೆಯವರ ನಾಟಿ ಮಾಡಿ ಹೊಟ್ಟೆ ಹೊರೆದವರು ಏನನ್ನಾದರೂ ಕಳಕೊಂಡರು ಎಂದೇ ಅದಕ್ಕೆ ಅನ್ನಿಸಲಿಲ್ಲ. ಅವರನ್ನೂ ಬಾಧಿತರೆಂದು ಒಪ್ಪಲು 2013ರ ಕಾಯ್ದೆ ಬರಬೇಕಾಯಿತು. ಅಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು.

ಎತ್ತಂಗಡಿಯಾದವರನ್ನು ಕಾಡಿನ ನೆಲದಲ್ಲಿ ಕೂರಿಸಿದರು, ಕಾಗದ ಕೊಡಲಿಲ್ಲ. ಬಹಳ ತಡವಾಗಿ ರಾಜ್ಯ ಸರ್ಕಾರ ಆ ನೆಲವನ್ನು ಅರಣ್ಯದಿಂದ ಬಿಡಿಸಿ ಆದೇಶ ಮಾಡಿತು. 1980ರ ಅರಣ್ಯ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಪಡೆದಿಲ್ಲವೆಂದು 2021ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ನಾಡಿಗೆ ದೀಪ ಕೊಟ್ಟವರು ಇದ್ದ ಜಾಗದಲ್ಲೇ ಒತ್ತುವರಿದಾರರಾದರು!

ಈಗ ಹೊಸ ನಕ್ಷೆ ನೋಡಿ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ. ನಡುವೆ ಸಿಂಗಳೀಕಗಳ ಅಭಯಾರಣ್ಯದ ನೆಲದೊಳಗೆ ಸುರಂಗ. ವಿದ್ಯುತ್ ಮಿಕ್ಕಾಗ ನೀರನ್ನು ಮೇಲೆತ್ತುವುದು, ಬೇಕಾದಾಗ ಕೆಳಗೆ ಬಿಟ್ಟು 2000 ಮೆಗಾವ್ಯಾಟ್ ತೆಗೆಯುವುದು. ಎತ್ತಲು ತಿನ್ನುವ ವಿದ್ಯುತ್ತು ಇಳಿದಾಗ ಕೊಡುವುದಕ್ಕಿಂತ ಹೆಚ್ಚು. ಅದು ಇಂಥ ಯಂತ್ರದ ಸ್ವಭಾವ. ಹೊಸ ಮುಳುಗಡೆ ಹೆಚ್ಚೇನಿಲ್ಲ ಅನ್ನುತ್ತಾರೆ. ಹಳೆಯ ಮುಳುಗಡೆಯ ಬಾಕಿ ತೀರಿತೇ? ಗುಡಿಸಲು ಹಾಕಿದವನಿಗೆ ಕಾಡು ಮುಟ್ಟಬಾರದ್ದು. ಸುರಂಗ ಕೊರೆಯುವವರಿಗೆ ಅದೇ ಕಾಡು ಒಂದು ಅನುಮತಿ ಪತ್ರ.

ಹಾಗಂತ ನಾವು ಕಾಡಿನ ವಿರುದ್ಧ ಇಲ್ಲ. ಸಿಂಗಳೀಕ ನಮ್ಮ ವೈರಿಯಲ್ಲ, ಅದಕ್ಕೂ ಪಹಣಿ ಇಲ್ಲ. ಮರದ ಮೇಲಿನ ಬದುಕಿಗೆ ಮರುಗುವ ಕವಿ ಮರದ ಕೆಳಗಿನ ಕೂಲಿಯವಳನ್ನೂ ನೋಡಬೇಕು, ಅಷ್ಟೇ.

ನಮ್ಮ ಮನೆಗಳಲ್ಲಿ ಮೊದಲ ಸಲ ಅಕ್ಷರ ಕಲಿತವರು ನಾವು. ಆ ಅಕ್ಷರಕ್ಕೆ ಇಲ್ಲೊಂದು ಕೆಲಸ ಕಾದಿದೆ. ಮೇಷ್ಟ್ರುಗಳೇ, ವಿದ್ಯಾರ್ಥಿಗಳೇ, ಮುಳುಗಡೆಯವರ ಕೇರಿಗಳಿಗೆ ಹೋಗಿ. ಇನ್ನೂ ಬದುಕಿರುವ ಮುದುಕ ಮುದುಕಿಯರ ಹತ್ತಿರ ಕೂತು ಕೇಳಿ. ಯಾರ ಗದ್ದೆಯಲ್ಲಿ ಯಾರು ದುಡಿದರು, ಯಾರಿಗೆ ಏನು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಬರೆದಿಡಿ. ಪುಸ್ತಕದಲ್ಲೂ ಸರ್ಕಾರಿ ಪಟ್ಟಿಯಲ್ಲೂ ಇಲ್ಲದ ಆ ಹೆಸರುಗಳು ಮೊದಲು ಬರಲಿ. ನಕ್ಷೆಯ ಮಾತು ಆಮೇಲೆ.