ಉಪಕರಣವಿವರಣ ವಾಕ್ಯಗಳ ಗುಣದೋಷವಿಚಾರ

ಲಕ್ಷಣವಾಕ್ಯಗಳನ್ನು ರಚಿಸುವುದು ಶಾಸ್ತ್ರಕಾರರ ಕಾರ್ಯವೆಂದೂ, ಅವುಗಳ ಗುಣದೋಷಗಳನ್ನು ಪರೀಕ್ಷಿಸುವುದು ಪಾಠಶಾಲೆಯ ಪಂಡಿತರ ಕಾರ್ಯವೆಂದೂ ನಾವು ಬಹುಕಾಲದಿಂದ ಭಾವಿಸಿಕೊಂಡು ಬಂದಿದ್ದೇವೆ. ಈಚೆಗೆ ಈ ಕಾರ್ಯವು ಗಣಕಯಂತ್ರದ ತಂತ್ರಾಂಶಗಳನ್ನು ರಚಿಸುವವರ ಪಾಲಿಗೂ ಬಂದಿದೆ. ಕೃತಕ ಬುದ್ಧಿಮತ್ತೆಯ ‘ಏಜೆಂಟ್’ ಎಂಬುದು ಮನುಷ್ಯನ ಅಪೇಕ್ಷೆಯನ್ನು ಮಾತಿನಲ್ಲಿ ತಿಳಿದುಕೊಂಡು, ಕಡತವನ್ನು ತೆರೆಯುವುದು, ಮಿಂಚಂಚೆಯನ್ನು ಕಳುಹಿಸುವುದು ಮೊದಲಾದ ಕೆಲಸಗಳನ್ನು ಇತರ ತಂತ್ರಾಂಶಗಳಿಂದ ಮಾಡಿಸತಕ್ಕದ್ದು. ಅದರ ಮುಂದಿಡುವ ಒಂದೊಂದು ಉಪಕರಣಕ್ಕೂ ಒಂದು ಹೆಸರು, ಒಂದು ವಿವರಣೆ, ಒದಗಿಸಬೇಕಾದ ವಿಷಯಗಳ ಪಟ್ಟಿ, ಇಷ್ಟು ಇರುತ್ತವೆ. 2024ನೆಯ ಇಸವಿಯ ನವೆಂಬರಿನಲ್ಲಿ ಆಂತ್ರೋಪಿಕ್ ಸಂಸ್ಥೆಯವರು ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ವ್ಯವಸ್ಥೆಯ ಕ್ರಮವೂ ಇದೇ. ಉಪಕರಣದ ಒಳರಚನೆಯು ಏಜೆಂಟಿಗೆ ಸಾಮಾನ್ಯವಾಗಿ ಗೋಚರವಾಗದು. ಯಾವುದನ್ನು ಆರಿಸಬೇಕೆಂಬ ನಿಶ್ಚಯಕ್ಕೆ ಶಬ್ದವೊಂದೇ ಪ್ರಮಾಣ. ಆದುದರಿಂದ ಇಂತಹ ವಾಕ್ಯಗಳು ವಿಮರ್ಶಕರ ಗಮನಕ್ಕೆ ಅರ್ಹವಾಗಿವೆಯೆಂದು ನನ್ನ ಅಭಿಪ್ರಾಯ.

ಆ ವ್ಯವಸ್ಥೆಯೊಡನೆ ಮಾದರಿಗಾಗಿ ಕೊಟ್ಟಿರುವ ಕಡತೋಪಕರಣಗಳಲ್ಲಿ ಮೂರನ್ನು ಪರಿಶೀಲಿಸೋಣ. ಮೊದಲನೆಯದು ‘ರೈಟ್ ಫೈಲ್’. ನಾನು ನೋಡಿದ ಪಾಠದ ತಾತ್ಪರ್ಯವು ಹೀಗಿದೆ: ಇದು ಹೊಸ ಕಡತವನ್ನು ನಿರ್ಮಿಸುತ್ತದೆ, ಇಲ್ಲವೆ ಇರುವ ಕಡತವನ್ನು ಪೂರ್ತಿಯಾಗಿ ಅಳಿಸಿ ಬರೆಯುತ್ತದೆ, ಮುನ್ಸೂಚನೆಯಿಲ್ಲದೆ ಹಳೆಯದು ಹೋಗುವುದರಿಂದ ಎಚ್ಚರಿಕೆಯಿಂದ ಬಳಸಬೇಕು. ‘ಬರೆಯುವುದು’ ಎಂಬ ಹೆಸರು ಮಾತ್ರವೇ ಇದ್ದಿದ್ದರೆ ಒಂದು ಪಂಕ್ತಿಯನ್ನು ಸೇರಿಸುವುದಕ್ಕೂ ಅದು ಸಲ್ಲುತ್ತಿತ್ತು, ಅತಿವ್ಯಾಪ್ತಿ ತಪ್ಪುತ್ತಿರಲಿಲ್ಲ. ವಿವರಣೆಯು ಆ ದೋಷವನ್ನು ಬಹುಮಟ್ಟಿಗೆ ಪರಿಹರಿಸಿದೆ. ಅನರ್ಥವನ್ನೂ ಮರೆಮಾಚದೆ ಹೇಳಿದೆ. ಇದು ಗುಣ. ಆದರೆ ‘ಎಚ್ಚರಿಕೆಯಿಂದ’ ಎಂದರೆ ಹೇಗೆ? ವಿಧಿಯು ಏನನ್ನು, ಯಾವುದರಿಂದ, ಹೇಗೆ ಎಂಬ ಮೂರು ಆಕಾಂಕ್ಷೆಗಳನ್ನು ತೀರಿಸಬೇಕೆಂದು ಮೀಮಾಂಸಕರು ಹೇಳುತ್ತಾರೆ. ಇಲ್ಲಿ ಮೂರನೆಯದಾದ ಇತಿಕರ್ತವ್ಯತೆಯು ಲೋಪವಾಗಿದೆ. ‘ಇರುವ ಕಡತದ ಒಂದು ಭಾಗವನ್ನು ಮಾತ್ರ ಬದಲಿಸಬೇಕಾದಲ್ಲಿ ಇದನ್ನು ಬಳಸಕೂಡದು, ಎಡಿಟ್ ಫೈಲನ್ನು ಬಳಸಬೇಕು, ಆ ಹೆಸರಿನ ಕಡತವು ಮೊದಲೇ ಇದ್ದರೆ ಒಡೆಯನನ್ನು ಕೇಳಿದ ಮೇಲೆ ಬರೆಯಬೇಕು’ ಎಂದಿದ್ದರೆ ಎಚ್ಚರಿಕೆಯು ಆಚರಣೆಗೆ ಬರುತ್ತಿತ್ತು.

‘ಎಡಿಟ್ ಫೈಲ್’ ಎಂಬುದರ ವಿವರಣೆಯು ಪಂಕ್ತಿಗಳನ್ನು ಯಥಾವತ್ತಾಗಿ ಗುರುತಿಸಿ ಬದಲಿಸುವುದೆಂದೂ, ಆದ ಬದಲಾವಣೆಯನ್ನು ತೋರಿಸುವುದೆಂದೂ ತಿಳಿಸುತ್ತದೆ. ಫಲವನ್ನು ಹೇಳಿರುವುದು ಯುಕ್ತವೇ. ಆದರೂ ನೆರೆಹೊರೆಯ ಈ ಎರಡು ವಾಕ್ಯಗಳೂ ಒಂದನ್ನೊಂದು ಹೆಸರಿಸದೆ ಇರುವುದರಿಂದ ಅವುಗಳ ನಡುವಣ ಎಲ್ಲೆಯನ್ನು ಓದುವವನೇ ಊಹಿಸಬೇಕಾಗಿದೆ. ಮೂರನೆಯದಾದ ‘ಮೂವ್ ಫೈಲ್’ ಎಂಬುದರ ವಿವರಣೆಯನ್ನು ನಾನು ಉತ್ತಮವೆಂದು ಎಣಿಸುತ್ತೇನೆ. ಸೇರಬೇಕಾದ ಸ್ಥಾನದಲ್ಲಿ ಅದೇ ಹೆಸರಿನದು ಮೊದಲೇ ಇದ್ದರೆ ಕ್ರಿಯೆಯು ನಡೆಯದೆಂದು ಅದು ಒಂದೇ ವಾಕ್ಯದಲ್ಲಿ ಹೇಳಿ ಸಂಶಯವನ್ನು ನೀಗಿಸಿದೆ.

ಇಲ್ಲಿ ಪೂರ್ವಪಕ್ಷವೊಂದುಂಟು. ಲಾಘವವು ಶಾಸ್ತ್ರಕ್ಕೆ ಭೂಷಣ. ಮೇಲಾಗಿ ವಿವರಣೆಗಳೆಲ್ಲವೂ ಏಜೆಂಟ್ ಒಮ್ಮೆಗೆ ಗಮನಿಸಬಲ್ಲ ಪರಿಮಿತವಾದ ಅವಕಾಶವನ್ನೇ ತುಂಬುವುದರಿಂದ ವಿಸ್ತಾರವು ಹಾನಿಕರವಲ್ಲವೇ ಎಂದು. ಸಮಾಧಾನವೇನೆಂದರೆ, ಪಾಣಿನಿಯ ಸುಮಾರು 4,000 ಸೂತ್ರಗಳು ಅಷ್ಟು ಚಿಕ್ಕವಾಗಿರುವುದಕ್ಕೆ ಅನುವೃತ್ತಿ, ಪರಿಭಾಷೆ, ಗುರುಮುಖ ಇವುಗಳ ಬೆಂಬಲವಿದೆ. ಉಪಕರಣದ ವಿವರಣೆಗೆ ಭಾಷ್ಯಕಾರನಿಲ್ಲ; ಅದು ತನ್ನ ಕಾಲಮೇಲೆ ತಾನೇ ನಿಲ್ಲಬೇಕು. ‘ಪ್ರಬಲವಾದ’, ‘ಸರ್ವೋಪಯೋಗಿಯಾದ’ ಎಂಬ ಸ್ತುತಿಪದಗಳನ್ನು ತೆಗೆದುಹಾಕಿದರೆ ನಿಷೇಧವಾಕ್ಯಕ್ಕೆ ಬೇಕಾದಷ್ಟು ಎಡೆ ದೊರೆಯುವುದು. ಆಯ್ಕೆಗೆ ನೆರವಾಗದ ಪದವು ಎಷ್ಟು ಚಿಕ್ಕದಾದರೂ ಗೌರವದೋಷವೇ. ನೆರವಾಗುವ ಪದವು ಹೆಚ್ಚಿನದಲ್ಲ.

ಇನ್ನೊಂದು ವಿಚಾರವನ್ನು ಮರೆಯಲಾಗದು. ಶಬ್ದವು ಪ್ರಮಾಣವಾಗುವುದು ವಕ್ತೃವು ಆಪ್ತನಾದಾಗ ಮಾತ್ರ. ವಿವರಣೆಯೊಳಗೆ ಗುಪ್ತವಾದ ಆಜ್ಞೆಗಳನ್ನು ಅಡಗಿಸಿ ಏಜೆಂಟನ್ನು ದಾರಿತಪ್ಪಿಸಬಹುದೆಂಬುದನ್ನು 2025ರಲ್ಲಿ ಭದ್ರತಾಸಂಶೋಧಕರು ತೋರಿಸಿಕೊಟ್ಟಿದ್ದಾರೆ. ವಾಕ್ಯವು ಸುಸ್ಪಷ್ಟವಾಗಿರುವುದರಿಂದಲೇ ಅದನ್ನು ನಂಬತಕ್ಕದ್ದಲ್ಲ, ಬರೆದವರಾರೆಂಬುದನ್ನೂ ನೋಡಬೇಕು.

ಉದ್ದೇಶ, ಲಕ್ಷಣ, ಪರೀಕ್ಷೆ ಎಂಬುದು ನೈಯಾಯಿಕರ ಕ್ರಮ. ತಂತ್ರಾಂಶಕಾರರು ಹೆಸರಿಡುವುದರಿಂದ ಉದ್ದೇಶವನ್ನೂ, ವಿವರಣೆಯಿಂದ ಲಕ್ಷಣವನ್ನೂ ಮಾಡುತ್ತಾರೆ. ಅನೇಕರು ಅಲ್ಲಿಗೇ ನಿಲ್ಲುತ್ತಾರೆ. ನಿಜವಾದ ಕೆಲಸಗಳನ್ನು ಕೊಟ್ಟು, ಏಜೆಂಟ್ ಯಾವ ಉಪಕರಣವನ್ನು ಆರಿಸಿತು, ಎಲ್ಲಿ ಎಡವಿತು ಎಂಬುದನ್ನು ನೋಡಿ ವಾಕ್ಯವನ್ನು ತಿದ್ದುವುದೇ ಪರೀಕ್ಷೆ. ಕಾವ್ಯದ ಲಕ್ಷಣದಲ್ಲಿ ಅತಿವ್ಯಾಪ್ತಿಯಾದರೆ ವಿದ್ವಾಂಸರಲ್ಲಿ ವಾದವಾಗುವುದು, ಅಷ್ಟೆ. ಇಲ್ಲಿ ಅದೇ ದೋಷದಿಂದ ಒಬ್ಬನು ವರ್ಷಗಟ್ಟಲೆ ಬರೆದಿಟ್ಟುಕೊಂಡದ್ದು ಕ್ಷಣದಲ್ಲಿ ಅಳಿಸಿಹೋಗಬಹುದು. ತರ್ಕವ್ಯಾಕರಣಗಳನ್ನು ಬೋಧಿಸುವ ಉಪಾಧ್ಯಾಯರು ಇಂತಹ ವಾಕ್ಯಗಳನ್ನೂ ತರಗತಿಯಲ್ಲಿ ಪರೀಕ್ಷೆಗೆ ತೆಗೆದುಕೊಳ್ಳಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.