ಸೆರೊ ತೊರೆ: ಕೊರೆದ ಬೋಲ್ಟು, ಕಿತ್ತ ಬೋಲ್ಟು

ಪ್ಯಾಟಗೋನಿಯಾದ ಸೆರೊ ತೊರೆಯ ಎತ್ತರ ಸುಮಾರು 3,100 ಮೀಟರ್. ಎವರೆಸ್ಟಿನ ಅರ್ಧವೂ ಇಲ್ಲ. ಆದರೆ ಅದರ ಗ್ರಾನೈಟ್ ಗೋಡೆ ನೆಟ್ಟಗೆ ನಿಂತಿದೆ, ಪೆಸಿಫಿಕ್ ಕಡೆಯಿಂದ ಬಿರುಗಾಳಿ ಬಿಡದೆ ನುಗ್ಗುತ್ತದೆ, ನೆತ್ತಿಯ ಮೇಲೆ ಹಿಮ ಅಣಬೆಯಂತೆ ಉಬ್ಬಿ ಕೂತಿದೆ.

ಇಟಲಿಯ ಚೇಸರೆ ಮೇಸ್ತ್ರಿ 1959ರಲ್ಲಿ ಆಸ್ಟ್ರಿಯಾದ ಟೋನಿ ಎಗರ್ ಜೊತೆ ತುದಿ ಮುಟ್ಟಿದ್ದಾಗಿ ಹೇಳಿದರು. ಇಳಿಯುವಾಗ ಹಿಮಕುಸಿತಕ್ಕೆ ಸಿಕ್ಕಿ ಎಗರ್ ಸತ್ತರು. ಕ್ಯಾಮೆರಾ ಅವರೊಂದಿಗೇ ಹೋಯಿತು ಎಂದರು ಮೇಸ್ತ್ರಿ. ಗೋಡೆಯ ಕೆಳಭಾಗದಲ್ಲಿ ಅವರ ಸಾಮಾನು ಸಿಕ್ಕಿದೆ, ಅದರಿಂದ ಮೇಲೆ ಒಂದು ಕುರುಹೂ ಇಲ್ಲ. 2005ರಲ್ಲಿ ಸಾಲ್ವತೆರ್ರಾ, ಬೆಲ್ಟ್ರಾಮಿ, ಗರಿಬೊಟ್ಟಿ ಎಂಬ ಆರೋಹಿಗಳು ಮೇಸ್ತ್ರಿ ಹೇಳಿದ ಬದಿಯಿಂದಲೇ ಹತ್ತಿದಾಗಲೂ ಏನೂ ಕಾಣಲಿಲ್ಲ.

ಸಂಶಯ ಪಟ್ಟವರಿಗೆ ಮೇಸ್ತ್ರಿ ಕೊಟ್ಟ ಉತ್ತರವೇ ದೊಡ್ಡ ಅನ್ಯಾಯವಾಯಿತು. 1970ರಲ್ಲಿ ಡ್ರಿಲ್ಲು ನಡೆಸುವ ಪೆಟ್ರೋಲ್ ಕಂಪ್ರೆಸರ್ ಮೇಲೆತ್ತಿಸಿ, ಆಗ್ನೇಯ ಏಣಿನ ಉದ್ದಕ್ಕೂ ಆಸರೆಗೆಂದು ಸುಮಾರು 400 ಬೋಲ್ಟು ಹೊಡೆದರು. ಕೈ ಹಿಡಿದು ಹತ್ತಬಹುದಾದ ಬಿರುಕುಗಳ ಪಕ್ಕದಲ್ಲೂ ಕೊರೆದರು. ಹಿಮದ ಅಣಬೆ ಬೆಟ್ಟದ ಭಾಗವೇ ಅಲ್ಲವೆಂದು ಅದರ ಕೆಳಗೇ ನಿಂತು, ಯಂತ್ರವನ್ನು ಗೋಡೆಯ ಮೇಲೆಯೇ ಬಿಟ್ಟು ಇಳಿದರು. ಯಾರೂ ಅಲ್ಲಗಳೆಯದ ಮೊದಲ ಆರೋಹಣ ಆದದ್ದು 1974ರಲ್ಲಿ: ಲೆಕ್ಕೊ ಊರಿನ ಫೆರ್ರಾರಿ ತಂಡ ಪಶ್ಚಿಮದ ಹಿಮದ ಗೋಡೆಯಿಂದ ಏರಿತು.

ಸಾಮರ್ಥ್ಯದ ಕೊರತೆಗೆ ಡ್ರಿಲ್ಲು ಪರಿಹಾರವಲ್ಲ. ಹತ್ತಲಾಗದವರು ಹಿಂತಿರುಗಿದರೆ ಗೋಡೆ ಮುಂದೆ ಬರುವವರಿಗೆ ಹಾಗೇ ಉಳಿಯುತ್ತದೆ; ಮೇಸ್ತ್ರಿ ಆ ಅವಕಾಶವನ್ನು ಅವರಿಂದ ಕಸಿದುಕೊಂಡರು.

2012ರ ಜನವರಿಯಲ್ಲಿ ಹೇಡನ್ ಕೆನಡಿ, ಜೇಸನ್ ಕ್ರುಕ್ ಎಂಬ ಯುವಕರು ಆ ಬೋಲ್ಟು ಸಾಲನ್ನು ನೆಚ್ಚದೆ ಅದೇ ಏಣನ್ನು ಹತ್ತಿ, ಇಳಿಯುವಾಗ ನೂರಕ್ಕೂ ಹೆಚ್ಚು ಬೋಲ್ಟು ಕಿತ್ತರು. ಬೆಟ್ಟದ ಬುಡದ ಊರಾದ ಎಲ್ ಚಾಲ್ತೆನ್‌ನಲ್ಲಿ ಜನ ರೊಚ್ಚಿಗೆದ್ದರು, ಪೊಲೀಸರು ಇಬ್ಬರನ್ನೂ ತಡೆದಿಟ್ಟರು. ಆ ಸಿಟ್ಟಿಗೆ ಕಾರಣವಿತ್ತು: 2007ರಲ್ಲಿ ಅಲ್ಲಿ ಸೇರಿದ್ದ ಆರೋಹಿಗಳಲ್ಲಿ ಬಹುಪಾಲು ಮಂದಿ ಬೋಲ್ಟುಗಳು ಇರಲಿ ಎಂದಿದ್ದರು. ಬೆಟ್ಟದ ಬುಡದಲ್ಲಿ ಬದುಕುವವರ ಮಾತಿಗೆ ಇಬ್ಬರೂ ಬೆಲೆ ಕೊಡಲಿಲ್ಲ, ಅದು ತಪ್ಪೇ.

ಆದರೂ ಕೀಳಬೇಕಾದದ್ದನ್ನೇ ಅವರು ಕಿತ್ತರು. ಕೆಲವೇ ದಿನಗಳಲ್ಲಿ 21ರ ಡೇವಿಡ್ ಲಾಮಾ, ಪೀಟರ್ ಒರ್ಟ್‌ನರ್ ಜೊತೆ ಬಂದು, ಅದೇ ಏಣನ್ನು ಕೈಕಾಲಿನ ಬಲದಿಂದಲೇ, ಹಗ್ಗವನ್ನು ಕಾವಲಿಗಷ್ಟೇ ಇಟ್ಟು ಹತ್ತಿದರು. ಇದಕ್ಕೆ ಮೊದಲೊಮ್ಮೆ ಲಾಮಾರ ಚಿತ್ರೀಕರಣ ತಂಡವೇ ಅಲ್ಲಿ ಹೊಸ ಬೋಲ್ಟು ಹೊಡೆದು ಕಟು ಟೀಕೆಗೆ ಗುರಿಯಾಗಿತ್ತು. ಆ ಟೀಕೆ ನ್ಯಾಯವಾದದ್ದೇ. ಮೇಸ್ತ್ರಿಯ ಬೋಲ್ಟುಗಳಲ್ಲಿ ಹಲವು ಇನ್ನೂ ಉಳಿದಿವೆ. ಅವನ್ನೂ ಕೀಳಲು ಹೊರಡುವವರು ಈ ಸಲ ಎಲ್ ಚಾಲ್ತೆನ್‌ನವರ ಜೊತೆ ಕೂತು ಮಾತಾಡಿಯೇ ಹೊರಡಲಿ.