ಹಳೆಯ ಕಾರಿಗೆ ಹೊಸ ದೀಪ: ಬೆಳಕಷ್ಟೇ ಸಾಕೆ?

ಹಳೆಯ ಮೋರಿಸ್ ಮೈನರ್ ಕಾರೊಂದರ ಹಿಂದೆ ನೀವು ಸ್ಕೂಟರಿನಲ್ಲಿ ಹೋಗುತ್ತಿದ್ದೀರಿ ಎಂದುಕೊಳ್ಳಿ. ಕಾರು ಬಲಕ್ಕೆ ತಿರುಗಬೇಕಾಗಿದೆ. ಬಾಗಿಲಿನ ಹಿಂದಿನ ಕಂಬದಿಂದ ರೈಲ್ವೆ ಕೈಮರದಂಥ ಪುಟ್ಟ ತೋಳೊಂದು ಹೊರಕ್ಕೆ ಚಾಚಿಕೊಳ್ಳುತ್ತದೆ. ಅದರೊಳಗೆ ಉರಿಯುವುದು ಕೇವಲ 3 ವಾಟ್‌ನ ಬಲ್ಬು. ನಿಮ್ಮ ಕಣ್ಣು ಹುಡುಕುತ್ತಿರುವುದು ಮಿನುಗುವ ಹಳದಿ ದೀಪವನ್ನು. ಅದು ಕಾಣದ್ದರಿಂದ ಕಾರು ನೇರ ಹೋಗುತ್ತದೆಂದು ತಿಳಿದು ಬಲಗಡೆಯಿಂದ ಮುಂದೆ ಸಾಗಲು ಹೊರಡುತ್ತೀರಿ. ಇಲ್ಲಿ ತಪ್ಪು ಯಾರದು? ಕಾರು ಸಂಕೇತ ಕೊಟ್ಟಿದೆ. ಆದರೆ ಆ ಸಂಕೇತದ ಭಾಷೆಯನ್ನು ಇಂದಿನ ರಸ್ತೆ ಮರೆತಿದೆ.

ಹಳೆಯ ಕಾರುಗಳಿಗೆ ಆಧುನಿಕ ಸುರಕ್ಷತಾ ದೀಪಗಳನ್ನು ಅಳವಡಿಸುವ ವಿಚಾರದಲ್ಲಿ ಎರಡು ಪಕ್ಷಗಳಿವೆ. ಮೂಲರೂಪಕ್ಕೆ ಕೈ ಹಚ್ಚಲೇಬಾರದು ಎನ್ನುವವರು ಒಂದು ಕಡೆ. ಎಲ್ಲ ಬಲ್ಬುಗಳನ್ನೂ ಕಿತ್ತು ಎಲ್‌ಇಡಿ ಹಾಕಿದರೆ ಕೆಲಸ ಮುಗಿಯಿತು ಎನ್ನುವವರು ಇನ್ನೊಂದು ಕಡೆ. ಇಬ್ಬರ ವಾದವೂ ಪರೀಕ್ಷೆಗೆ ನಿಲ್ಲುವುದಿಲ್ಲ.

ಮೊದಲಿಗೆ ಮೂಲರೂಪದ ವಾದವನ್ನು ನೋಡೋಣ. ಅಲೆಕ್ ಇಸಿಗೋನಿಸ್ ವಿನ್ಯಾಸಗೊಳಿಸಿದ ಮೈನರ್ ಇಂಗ್ಲೆಂಡಿನಲ್ಲಿ ಬಿಡುಗಡೆಯಾದದ್ದು 1948ರಲ್ಲಿ. ಆಗ ಅದರ ಮುಂದೀಪಗಳು ಕೆಳಗೆ, ಜಾಲರಿಯ ಪಕ್ಕದಲ್ಲಿದ್ದವು. ಅಮೆರಿಕದ ನಿಯಮಗಳು ಹೆಚ್ಚಿನ ಎತ್ತರ ಕೇಳಿದ್ದರಿಂದ ಕಂಪನಿ ಅವನ್ನು ಮೇಲಕ್ಕೇರಿಸಿತು. 1961ರಲ್ಲಿ ಕೈಮರದ ತೋಳು ಹೋಗಿ ಮಿನುಗುವ ದೀಪ ಬಂತು. ಅಂದರೆ ಕಾರನ್ನು ತಯಾರಿಸಿದವರೇ ದೀಪಗಳನ್ನು ಪವಿತ್ರವೆಂದು ಭಾವಿಸಿರಲಿಲ್ಲ. ನಮ್ಮಲ್ಲಿಯೂ 2021ರ ಕೇಂದ್ರ ನಿಯಮ 50 ವರ್ಷ ಮೀರಿದ ವಾಹನವನ್ನು ವಿಂಟೇಜ್ ಎಂದು ಗುರುತಿಸುವಾಗ ಷಾಸಿ, ದೇಹ ಮತ್ತು ಎಂಜಿನ್‌ನಲ್ಲಿ ಗಣನೀಯ ಮಾರ್ಪಾಟು ಇರಬಾರದೆನ್ನುತ್ತದೆ. ಈ ಪಟ್ಟಿಯಲ್ಲಿ ಬಲ್ಬು ಇಲ್ಲ. ಹಾಗೆಂದು ದೀಪಕ್ಕಾಗಿ ದೇಹದ ತಗಡಿಗೆ ರಂಧ್ರ ಕೊರೆಯುವುದು ಜಾಣತನವಲ್ಲ.

ಇನ್ನು ಎಲ್‌ಇಡಿ ಪಕ್ಷ. ಅದರ ಪರವಾಗಿ ಗಟ್ಟಿಯಾದ ಕಾರಣವೊಂದಿದೆ. ಟಂಗ್‌ಸ್ಟನ್ ತಂತು ಕಾದು ಪೂರ್ಣ ಬೆಳಗಲು ಸುಮಾರು 0.2 ಸೆಕೆಂಡು ಬೇಕು. ಎಲ್‌ಇಡಿಗೆ ಕಾಯುವ ಕೆಲಸವೇ ಇಲ್ಲ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂದೆ ಬರುವವನು 0.2 ಸೆಕೆಂಡಿನಲ್ಲಿ 3.3 ಮೀಟರ್ ಸಾಗಿರುತ್ತಾನೆ. ಇದು ಹೆಚ್ಚುಕಡಿಮೆ ಒಂದು ಮೈನರ್ ಕಾರಿನ ಉದ್ದ. ಜೊತೆಗೆ ಮೈನರ್‌ನ ಡೈನಮೊ ಬಲಶಾಲಿಯಲ್ಲ. ಒಳ್ಳೆಯ ವೇಗದಲ್ಲಿಯೂ ಅದು ಕೊಡುವುದು 20 ಆಂಪಿಯರ್ ಆಸುಪಾಸು. ಎಂಜಿನ್ ಮಂದಗತಿಯಲ್ಲಿದ್ದಾಗ ಅದರಿಂದ ಬರುವುದು ನಗಣ್ಯ. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತಾಗ ಎರಡು 21 ವಾಟ್ ಬಲ್ಬುಗಳು 3.5 ಆಂಪಿಯರನ್ನು ಬ್ಯಾಟರಿಯಿಂದಲೇ ಹೀರುತ್ತವೆ. ಎಲ್‌ಇಡಿ ಇದರ ಒಂದು ಸಣ್ಣ ಪಾಲನ್ನಷ್ಟೇ ಕೇಳುತ್ತದೆ.

ಇಷ್ಟೆಲ್ಲ ಒಪ್ಪಿದ ಮೇಲೂ, ಅಂಗಡಿಯಿಂದ ತಂದು ಸಿಕ್ಕಿಸಿದ ಎಲ್‌ಇಡಿ ಕಾರನ್ನು ಮೊದಲಿಗಿಂತ ಅಪಾಯಕಾರಿ ಮಾಡಬಲ್ಲದು. ಹೇಗೆ?

ಒಂದನೆಯದು ಅಂತರದ ಪ್ರಶ್ನೆ. ಒಂದೇ ಗಾಜಿನ ಹಿಂದೆ ಹಿಂಬದಿ ದೀಪ ಮತ್ತು ಬ್ರೇಕ್ ದೀಪ ಎರಡೂ ಇರುತ್ತವೆ. 21/5 ವಾಟ್‌ನ ಜೋಡಿತಂತು ಬಲ್ಬಿನಲ್ಲಿ ಒಂದು ತಂತು ಸುಮಾರು 440 ಲ್ಯೂಮೆನ್ ಕೊಟ್ಟರೆ ಇನ್ನೊಂದು ಕೊಡುವುದು 35. ಅಂದರೆ 12 ಪಟ್ಟು ಅಂತರ. ಕತ್ತಲಲ್ಲಿ 'ಕಾರು ಇದೆ' ಎಂಬ ಮಾತನ್ನು 'ಕಾರು ನಿಲ್ಲುತ್ತಿದೆ' ಎಂಬ ಮಾತಿನಿಂದ ಬೇರ್ಪಡಿಸುವುದು ಈ ಅಂತರವೇ. ಕಳಪೆ ಎಲ್‌ಇಡಿಗಳಲ್ಲಿ ಮಂದ ಬೆಳಕೇ ಪ್ರಖರವಾಗಿರುವುದರಿಂದ ಅಂತರ ಕುಗ್ಗುತ್ತದೆ. ಮಾಲೀಕ ಹಿಗ್ಗುತ್ತಾನೆ, ಹಿಂದಿನವನಿಗೆ ಬ್ರೇಕ್ ಒತ್ತಿದ್ದು ತಿಳಿಯುವುದಿಲ್ಲ.

ಎರಡನೆಯದು ಬಣ್ಣ. ಬಿಳಿ ಎಲ್‌ಇಡಿ ಮೂಲತಃ ಫಾಸ್ಫರ್ ಲೇಪಿಸಿದ ನೀಲಿ ಎಲ್‌ಇಡಿ. ಅದರ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಟಂಗ್‌ಸ್ಟನ್ ಬೆಳಕಿನಲ್ಲಿ ಕೆಂಪು ಧಾರಾಳ. ಆದ್ದರಿಂದ ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ಬೆಳಕಿನ ಬಹುಭಾಗ ಗಾಜಿನಲ್ಲಿಯೇ ಕಳೆದುಹೋಗುತ್ತದೆ. ಕೆಂಪು ಗಾಜಿಗೆ ಕೆಂಪು ಎಲ್‌ಇಡಿಯೇ ಸರಿ.

ಮೂರನೆಯದು ಜಾಗ. ಮುಂದೀಪದ ಪ್ರತಿಫಲಕವನ್ನು ರೂಪಿಸಿರುವುದು ತಂತು ಕೂರುವ ನಿಖರ ಬಿಂದುವನ್ನು ಲೆಕ್ಕ ಹಾಕಿ. ಎಲ್‌ಇಡಿ ಚಿಪ್ಪು ಆ ಬಿಂದುವಿನಿಂದ ತುಸು ಸರಿದರೂ ಕಿರಣಗಳು ಚದುರಿ ಎದುರು ಬರುವವರ ಕಣ್ಣು ಕುಕ್ಕುತ್ತವೆ. ನಿಮ್ಮ ಸುರಕ್ಷತೆಯನ್ನು ಎದುರಿನವನ ಕಣ್ಣಿನಿಂದ ಕಸಿಯುವುದು ಸುರಕ್ಷತೆಯಲ್ಲ.

ನಾಲ್ಕನೆಯದು ವಿದ್ಯುತ್ತಿನ ಹಳೆಯ ಕಟ್ಟಳೆ. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ಧ್ರುವವೇ ಕಾರಿನ ದೇಹಕ್ಕೆ ಜೋಡಣೆಯಾಗಿರುತ್ತಿತ್ತು. ತಂತುವಿಗೆ ದಿಕ್ಕಿನ ಹಂಗಿಲ್ಲ, ಎಲ್‌ಇಡಿಗೆ ಇದೆ. ಮಿನುಗುವ ದೀಪದ ಹಳೆಯ ಫ್ಲಾಷರ್ ಕೆಲಸ ಮಾಡುವುದು ಬಲ್ಬುಗಳು ಎಳೆಯುವ ಪ್ರವಾಹದ ಶಾಖದಿಂದ. ಎಲ್‌ಇಡಿಯ ಅಲ್ಪ ಪ್ರವಾಹಕ್ಕೆ ಅದು ಸರಿಯಾಗಿ ಮಿನುಗುವುದಿಲ್ಲ. ಎಲೆಕ್ಟ್ರಾನಿಕ್ ಫ್ಲಾಷರ್ ಬೇಕಾಗುತ್ತದೆ. ಇಲ್ಲೊಂದು ನಷ್ಟವೂ ಇದೆ. ಬಲ್ಬು ಸುಟ್ಟಾಗ ಹಳೆಯ ಫ್ಲಾಷರ್‌ನ ತಾಳ ತಪ್ಪಿ ಚಾಲಕನಿಗೆ ಸುದ್ದಿ ಮುಟ್ಟುತ್ತಿತ್ತು. ಹೊಸತರಲ್ಲಿ ಆ ಎಚ್ಚರಿಕೆ ಸಿಗದೇ ಹೋಗಬಹುದು.

ಹಿಂದಿನ ಗಾಜಿನ ಒಳಗೆ ಇಡುವ ಮೂರನೆಯ ಬ್ರೇಕ್ ದೀಪದ ಬಗೆಗೂ ಅತಿಯಾದ ಭರವಸೆ ಬೇಡ. 1974ರಲ್ಲಿ ಪ್ರಕಟವಾದ ಜಾನ್ ವೊಯೆವೊಡ್‌ಸ್ಕಿಯವರ ಪ್ರಯೋಗದಲ್ಲಿ, ಹಿಂಭಾಗದ ನಡುವೆ ಎಚ್ಚರಿಕೆ ದೀಪ ಹಾಕಿದ್ದ ಸ್ಯಾನ್ ಫ್ರಾನ್ಸಿಸ್ಕೋದ 343 ಟ್ಯಾಕ್ಸಿಗಳಿಗೆ ಹಿಂದಿನಿಂದಾಗುವ ಡಿಕ್ಕಿಗಳು ಶೇ. 60ರಷ್ಟು ಕಡಿಮೆಯಾದವು. ಅಮೆರಿಕ 1986ರ ಮಾದರಿಯ ಕಾರುಗಳಿಂದ ಮೂರನೆಯ ಬ್ರೇಕ್ ದೀಪವನ್ನು ಕಡ್ಡಾಯ ಮಾಡಿತು. ಆದರೆ ಅಲ್ಲಿನ ಸರ್ಕಾರಿ ಸಂಸ್ಥೆಯ 1998ರ ಮೌಲ್ಯಮಾಪನದಲ್ಲಿ ದೀರ್ಘಕಾಲದ ಇಳಿಕೆ ಶೇ. 4.3 ಮಾತ್ರ. ಅಪರೂಪದ ದೀಪ ಗಮನ ಸೆಳೆಯುತ್ತದೆ, ಎಲ್ಲರಲ್ಲೂ ಇರುವ ದೀಪ ಅಷ್ಟು ಸೆಳೆಯುವುದಿಲ್ಲ. ಹಾಗಿದ್ದರೂ ಶೇ. 4.3 ಸಣ್ಣ ಮಾತಲ್ಲ. ಅಲ್ಲದೆ ಇಂದಿನ ಸವಾರ ಎತ್ತರದಲ್ಲಿಯೂ ಒಂದು ಕೆಂಪನ್ನು ನಿರೀಕ್ಷಿಸುತ್ತಾನೆ. ತಗಡು ಕೊರೆಯದೆ ಗಾಜಿನ ಒಳಗೆ ಕೂರಿಸಬಹುದಾದ, ಬೇಡವಾದಾಗ ತೆಗೆಯಬಹುದಾದ ಇಂಥ ದೀಪಕ್ಕೆ ನನ್ನ ಮೊದಲ ಮತ.

ಎರಡನೆಯ ಮತ, ಹಿಂದೆ ಮತ್ತು ಮುಂದೆ ಪ್ರತ್ಯೇಕ ಹಳದಿ ಇಂಡಿಕೇಟರಿಗೆ. ಕೈಮರದ ತೋಳು ಜೊತೆಯಲ್ಲಿಯೇ ಇರಲಿ, ಅದರ ಚೆಲುವಿಗೆ ಯಾರ ತಕರಾರೂ ಇಲ್ಲ. ಮುಂದೀಪದ ಬಲ್ಬನ್ನು ಹಾಗೆಯೇ ಬಿಟ್ಟು, ಮಂಕಾದ ಪ್ರತಿಫಲಕವನ್ನೂ ತುಕ್ಕು ಹಿಡಿದ ಭೂ ಸಂಪರ್ಕವನ್ನೂ ಮೊದಲು ಸರಿಪಡಿಸಿ. ದೀಪ ಮಂಕಾಗಲು ಹಲವು ಬಾರಿ ಇವೇ ಕಾರಣ.

ಕೊನೆಗೆ ಒಂದು ಪರೀಕ್ಷೆ. ಇದಕ್ಕೆ ಉಪಕರಣ ಬೇಕಿಲ್ಲ. ಸ್ನೇಹಿತರೊಬ್ಬರನ್ನು ಕಾರಿನಲ್ಲಿ ಕೂರಿಸಿ, ನೀವು ಐವತ್ತು ಹೆಜ್ಜೆ ಹಿಂದೆ ನಿಲ್ಲಿ. ನಡುಮಧ್ಯಾಹ್ನ ಒಮ್ಮೆ, ಕತ್ತಲಾದ ಮೇಲೆ ಹಿಂಬದಿ ದೀಪ ಉರಿಯುತ್ತಿರುವಾಗ ಇನ್ನೊಮ್ಮೆ. ಅವರು ಹೇಳದೆ ಬ್ರೇಕ್ ಒತ್ತಲಿ, ಹೇಳದೆ ಇಂಡಿಕೇಟರ್ ಹಾಕಲಿ. ಏನಾಯಿತೆಂದು ನೀವು ಪ್ರತಿ ಬಾರಿಯೂ ತಡವರಿಸದೆ ಹೇಳಬಲ್ಲಿರಾದರೆ ದೀಪ ಸರಿಯಿದೆ. ಕಾರಿನ ಒಳಗೆ ಕೂತು ಈ ತೀರ್ಪು ಕೊಡಲು ಬರುವುದಿಲ್ಲ.